ಪ್ರೊಫೆಸರ್ ಸೀಟಿನಲ್ಲಿಲ್ಲ

ನಮ್ಮ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದ ಕಚೇರಿಯಲ್ಲಿ ನಾನು ಕೂತು ಇಪ್ಪತ್ತೆರಡು ವರ್ಷವಾಯಿತು. ಅವಳಿ ಮಕ್ಕಳನ್ನು ಹೆತ್ತವಳಾದ್ದರಿಂದ ಎಲ್ಲರಿಗೂ ನಾನು ನಾಲೊಂಗೊ. ನನ್ನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುವುದಿಲ್ಲ. ನನ್ನ ಮೇಜಿನ ಬಲಕ್ಕೆ ಪ್ರೊಫೆಸರ್ ಮುಕಲಾಜಿಯವರ ಕೋಣೆಯ ಬಾಗಿಲು, ಎದುರಿಗೆ ಪಡಸಾಲೆಯಲ್ಲಿ ಒಂದು ಮರದ ಬೆಂಚು. ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಯಾವುದೆಂದು ಕೇಳಿದರೆ, ‘ಪ್ರೊಫೆಸರ್ ಸೀಟಿನಲ್ಲಿಲ್ಲ’ ಎಂಬುದೇ. ಅದರಲ್ಲಿ ಅರ್ಧ ಸುಳ್ಳು. ಆ ಸುಳ್ಳಿನಲ್ಲಿ ಬಹುಪಾಲನ್ನು ನಾನು ಹೇಳಿದ್ದು ನಸ್ಸಾಲಿಗೆ.

ನಸ್ಸಾಲಿ ಬಂದದ್ದು 2012ರ ಆಗಸ್ಟ್‌ನಲ್ಲಿ. ಆಗ ಅವಳಿಗೆ ಇಪ್ಪತ್ತೊಂಬತ್ತು. ಮಸಾಕಾ ಕಡೆಯ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದವಳು ಆ ಕೆಲಸ ಬಿಟ್ಟು ಪಿಎಚ್.ಡಿ. ಮಾಡಲು ಕಂಪಾಲಾಕ್ಕೆ ಬಂದಿದ್ದಳು. ಅಲ್ಲಿಯ ನತೇತೆಯಲ್ಲಿ, ಹೆಂಗಸರು ಉಡುವ ಗೊಮೆಸಿ ನಿಲುವಂಗಿಗಳನ್ನು ಹೊಲಿಯುವ ಸೋದರತ್ತೆಯ ಮನೆಯಲ್ಲಿ ಇರುತ್ತಿದ್ದಳು. ಮೊದಲ ದಿನ ಕಚೇರಿಗೆ ಬಂದವಳೇ ನನ್ನೆದುರು ಮಂಡಿಯೂರಿ, “ರಾತ್ರಿ ಚೆನ್ನಾಗಿ ಕಳೀತಾ, ನಾಲೊಂಗೊ?” ಎಂದು ವಿಚಾರಿಸಿದಳು. ಪೇಟೆಯ ಹುಡುಗಿಯರು ಈಗ ತಲೆ ತಗ್ಗಿಸಿದರೆ ಅದೇ ದೊಡ್ಡದು. ನನಗೆ ಅವಳ ಮೇಲೆ ಆಗಲೇ ಅಕ್ಕರೆ ಹುಟ್ಟಿತು.

ಅವಳ ವಿಷಯ ಲುಬುಗೊ. ಮುತುಬ ಮರದ ತೊಗಟೆ ಬಡಿದು ನಮ್ಮವರು ಮಾಡುವ, ಸತ್ತವರಿಗೆ ಸುತ್ತುವ ಆ ನಾರುಬಟ್ಟೆಯನ್ನು ಈಗಿನ ಕಲಾವಿದರು ಕತ್ತರಿಸಿ, ಹೊಲಿದು, ಸುಟ್ಟು ಕಲಾಕೃತಿ ಮಾಡುತ್ತಾರಲ್ಲ, ಅದರ ಬಗ್ಗೆ. ಗೈಡ್ ಆಗಿ ಮುಕಲಾಜಿಯವರೇ ಬೇಕೆಂದು ಹಟ ಹಿಡಿದು ಬಂದಿದ್ದಳು. ಅವರು ಹಿಂದೆ ಲುಬುಗೊ ಕುರಿತು ಬರೆದ ಒಂದು ಪುಸ್ತಕ ಅವಳ ಶಾಲೆಯ ಗ್ರಂಥಾಲಯದಲ್ಲಿತ್ತಂತೆ.

ಮೊದಲ ಮೂರು ವರ್ಷ ಅವಳು ನಡೆದ ನೆಲ ಬಿಸಿಯಾಗುತ್ತಿತ್ತು. ತೊಗಟೆ ಬಡಿಯುವವರ ಹಳ್ಳಿಗಳಿಗೆ ಹೋದಳು, ಕಲಾವಿದರ ಸ್ಟುಡಿಯೋಗಳಲ್ಲಿ ವಾರಗಟ್ಟಲೆ ಕೂತಳು. ಅಮೋಡಿಂಗ್ ಎಂಬ ಕಲಾವಿದೆ ಲುಬುಗೊದಲ್ಲಿ ಮನುಷ್ಯರೆತ್ತರದ ಜೋಳಿಗೆಗಳನ್ನು ಮಾಡಿ ಆಗಷ್ಟೇ ಹೆಸರಾಗುತ್ತಿದ್ದಳು. ಅವಳ ಬಗ್ಗೆಯೇ ನಸ್ಸಾಲಿ ಒಂದು ಇಡೀ ಅಧ್ಯಾಯ ಬರೆದಳು. 2015ರ ಡಿಸೆಂಬರ್‌ನಲ್ಲಿ ಮುನ್ನೂರ ಹನ್ನೆರಡು ಪುಟದ ಕರಡು ತಂದು ಪ್ರೊಫೆಸರರ ಕೈಗಿಟ್ಟಳು. ಅವರು ಅದನ್ನು ಮೂರು ವಾರ ಓದಿದರು. ಓದಿ ಮುಗಿಸಿದ ದಿನ ಹೊರಗೆ ಬಂದು ನನ್ನ ಮೇಜಿಗೆ ಒರಗಿ ನಿಂತು, “ನಾಲೊಂಗೊ, ಈ ಹುಡುಗಿ ನನಗಿಂತ ಚೆನ್ನಾಗಿ ಬರೀತಾಳೆ” ಎಂದರು. ಸಂತೋಷದಿಂದ ಹೇಳಿದರೆಂದೇ ನಾನು ಆಗ ತಿಳಿದೆ.

ಮಾರನೆಯ ದಿನ ಅವಳನ್ನು ಕರೆಸಿದರು. ಬಾಗಿಲು ತೆರೆದೇ ಇತ್ತು.

“ಫೆಬ್ರವರೀಲಿ ಇಲ್ಲೇ ಒಂದು ದೊಡ್ಡ ಪ್ರದರ್ಶನ ಇದೆ. ಅದನ್ನ ಬಿಟ್ಟು ಥೀಸಿಸ್ ಕೊಟ್ರೆ ಪರೀಕ್ಷಕರು ನಗ್ತಾರೆ. ಎರಡು ತಿಂಗಳ ಮಾತು. ಒಂದು ಅಧ್ಯಾಯ ಸೇರಿಸು.”

“ಆಗ್ಲಿ ಸೇಬೊ,” ಎಂದಳು. ಸೇಬೊ ಅಂದರೆ ನಮ್ಮಲ್ಲಿ ದೊಡ್ಡವರಿಗೆ ‘ಸಾರ್’ ಎಂದ ಹಾಗೆ.

ಸೇರಿಸಿದಳು. ಮೇ ತಿಂಗಳಿಗೆ ಡಾಕಾರ್‌ನ ಬಿನಾಲೆ, ಎರಡು ವರ್ಷಕ್ಕೊಮ್ಮೆಯ ಕಲಾಮೇಳ, ಬಂತು. ಅಲ್ಲಿ ನಮ್ಮ ಇಬ್ಬರು ಕಲಾವಿದರಿದ್ದರು, ಅದನ್ನೂ ಬಿಡುವ ಹಾಗಿರಲಿಲ್ಲ. ಮರುವರ್ಷ ವೆನಿಸ್ ಬಂತು. ಲಂಡನ್ನಿನ ಗ್ಯಾಲರಿಯೊಂದು ಲುಬುಗೊ ಕೊಂಡಿತು. ಒಂದು ಮುಗಿಯಿತೆನ್ನುವಷ್ಟರಲ್ಲಿ ಇನ್ನೊಂದು. ಅವಳು ಒಮ್ಮೆ ಮೆಲ್ಲಗೆ, “ಇಲ್ಲಿಗೆ ಸಾಕು ಮಾಡೋಣವಾ ಸೇಬೊ?” ಎಂದು ಕೇಳಿದ್ದಕ್ಕೆ ಪ್ರೊಫೆಸರ್ ನಕ್ಕರು.

“ಸಮಕಾಲೀನ ಅಂದ್ರೆ ಏನಮ್ಮಾ? ಇವತ್ತಿನದು. ನಿನ್ನೆದಕ್ಕೆ ಇತಿಹಾಸ ವಿಭಾಗ ಇದೆ, ಮೇಲಿನ ಮಹಡೀಲಿ. ಹೋಗ್ತೀಯಾ ಅಲ್ಲಿಗೆ?”

ಈ ನಡುವೆ ಇನ್ನೊಂದು ಶುರುವಾಯಿತು. ಪ್ರೊಫೆಸರರಿಗೆ ಊರೂರಿಂದ ಭಾಷಣಕ್ಕೆ ಕರೆ ಬರುತ್ತಿತ್ತು. ಮೊದಲು, “ಒಂದು ಸಣ್ಣ ಟಿಪ್ಪಣಿ ಮಾಡಿಕೊಡು” ಎಂದರು. ಆಮೇಲೆ ಅರ್ಧ ಭಾಷಣ, ಆಮೇಲೆ ಇಡೀ ಭಾಷಣ, ಕೊನೆಗೆ ಪ್ರದರ್ಶನಗಳ ಕ್ಯಾಟಲಾಗಿನ ಮುನ್ನುಡಿಗಳು. ಎಲ್ಲ ಟೈಪು ಮಾಡುತ್ತಿದ್ದವಳು ನಾನು. ಯಾವ ವಾಕ್ಯ ಯಾರದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಚ್ಚಾಗಿ ಬಂದಾಗ ಮೇಲೆ ಅವರ ಹೆಸರು, ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಕೃತಜ್ಞತೆ. ಹೊರದೇಶದಿಂದ ಬರುವಾಗ ಅವರು ಅವಳಿಗೆ ದಪ್ಪದಪ್ಪ ಕ್ಯಾಟಲಾಗುಗಳನ್ನು ತರುತ್ತಿದ್ದರು. ಅವಳು ಬೆಂಚಿನ ಮೇಲೆ ಕೂತು ಅವನ್ನು ಹಸಿದವಳಂತೆ ಓದುತ್ತಿದ್ದಳು.

ಎಲ್ಲ ತಪ್ಪೂ ಅವರದೇ ಎಂದರೆ ನನ್ನ ನಾಲಿಗೆ ಸುಡುತ್ತದೆ. ಅವಳಿಗೂ ಒಂದು ಗೀಳು ಹತ್ತಿತ್ತು. ಕೈಯಲ್ಲಿ ಸದಾ ಫೋನು. ಎಲ್ಲಿ ಯಾವ ಪ್ರದರ್ಶನ ತೆರೆಯಿತು, ಯಾರು ಯಾರ ಬಗ್ಗೆ ಏನು ಬರೆದರು, ಯಾವ ಕಲಾವಿದ ಯಾವ ಗ್ಯಾಲರಿ ಬಿಟ್ಟ. ನೋಡದೆ ಉಳಿದ ಒಂದೇ ಒಂದು ಚಿತ್ರ ತನ್ನ ಇಡೀ ಥೀಸಿಸನ್ನು ಸುಳ್ಳು ಮಾಡಿಬಿಡುತ್ತದೆ ಎಂಬ ಭಯ. ಒಂದು ಮಧ್ಯಾಹ್ನ ನಾನು ತಂದಿದ್ದ ಬೇಯಿಸಿದ ಬಾಳೆಕಾಯಿಯ ಮಟೊಕೆ, ಕಡಲೆಕಾಯಿ ಗೊಜ್ಜನ್ನು ಇಬ್ಬರಿಗೂ ಬಡಿಸಿದೆ. ಅವಳ ತಟ್ಟೆ ಹಾಗೇ ಇತ್ತು.

“ತಿನ್ನೇ.”

“ಬಾಸೆಲ್‌ನಲ್ಲಿ ಯಾರೋ ಲುಬುಗೊ ತೂಗುಹಾಕಿದಾರೆ ನಾಲೊಂಗೊ. ಯಾರು ಅಂತ್ಲೇ ಗೊತ್ತಾಗ್ತಿಲ್ಲ.”

“ಅವರು ಅಲ್ಲಿ ತೂಗುಹಾಕಿದ್ರೆ ಇಲ್ಲಿ ನನ್ನ ಮಟೊಕೆ ಯಾಕೆ ತಣ್ಣಗಾಗ್ಬೇಕು?”

ನಕ್ಕಳು, ಆದರೆ ಫೋನು ಕೆಳಗಿಡಲಿಲ್ಲ. ಅವಳನ್ನು ಕೇಳಿಕೊಂಡು ಬಂದಿದ್ದ ಎಂಜಿನಿಯರ್ ಹುಡುಗ ಎರಡು ವರ್ಷ ಕಾದು, ಜಿಂಜಾದವಳೊಬ್ಬಳನ್ನು ಮದುವೆಯಾದ. ಆ ಸುದ್ದಿಯನ್ನೂ ಅವಳು ಅದೇ ಫೋನಿನಲ್ಲಿ ನೋಡಿದ್ದು.

ಆರನೆಯ ವರ್ಷ ಒಂದು ದಿನ ಅವಳ ಸೋದರತ್ತೆಯೇ ಕಚೇರಿಗೆ ಬಂದರು. ಗೊಮೆಸಿ ಉಟ್ಟು, ನಡುಪಟ್ಟಿ ಬಿಗಿದು, ಒಂದು ಬುಟ್ಟಿ ಬೆಣ್ಣೆಹಣ್ಣು ಹಿಡಿದುಕೊಂಡು.

“ಪ್ರೊಫೆಸರ್ ಇದಾರಾ?”

ಅವರು ಒಳಗೇ ಇದ್ದರು. ಅತ್ತೆಯ ದನಿ ಕೇಳಿ ಬಾಗಿಲ ಸಂದಿಯಿಂದ ನನಗೆ ಕೈಸನ್ನೆ ಮಾಡಿದರು.

“ಸೀಟಿನಲ್ಲಿಲ್ಲಮ್ಮ,” ಎಂದೆ.

“ಹೋಗ್ಲಿ, ನಿಮ್ಮನ್ನೇ ಕೇಳ್ತೀನಿ. ನೀವೂ ಹೆತ್ತವರು. ಹೆಣಕ್ಕೆ ಸುತ್ತೋ ಬಟ್ಟೇನ ಗೋಡೆಗೆ ನೇತುಹಾಕ್ತಾರೆ, ಆಯ್ತು, ಅದು ಅವರ ಹಣೆಬರಹ. ಅದನ್ನ ನೋಡಿ ಇವಳು ಆರು ವರ್ಷ ಏನು ಬರೀತಾಳೆ? ನಾನು ಆರು ವರ್ಷದಲ್ಲಿ ಎಷ್ಟು ಮದುಮಗಳಂದಿರಿಗೆ ಬಟ್ಟೆ ಹೊಲಿದು ಕಳಿಸಿದೀನಿ ಗೊತ್ತಾ? ಒಂದಾದ್ರೂ ಮುಗಿಬೇಕಲ್ಲ.”

“ಮುಗಿಯುತ್ತೆ ಅಮ್ಮ.”

“ಯಾವಾಗ?”

ಆಕೆ ಬುಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟು, “ಇದನ್ನ ಇಲ್ಲದೇ ಇರೋ ಪ್ರೊಫೆಸರ್‌ಗೆ ಕೊಡಿ, ತಿನ್ನಲಿ” ಎಂದು ಹೋದರು. ಆಕೆಗೆ ಗೊತ್ತಾಗಿತ್ತು. ನಾನು ಯಾಕೆ ಸುಳ್ಳು ಹೇಳುತ್ತಿದ್ದೆ ಎಂದರೆ, ಮೂರು ವರ್ಷಕ್ಕೊಮ್ಮೆ ನನ್ನ ಕೆಲಸ ಮುಂದುವರಿಯಬೇಕಾದರೆ ಪ್ರೊಫೆಸರರ ಶಿಫಾರಸು ಬೇಕು. ನನ್ನ ಅವಳಿಗಳು ಇನ್ನೂ ಓದುತ್ತಿದ್ದರು. ಅದು ಕಾರಣವೇ ಹೊರತು ಸಮಾಧಾನವಲ್ಲ ಎಂದು ನನಗೆ ಅಂದೂ ಗೊತ್ತಿತ್ತು.

2019ರ ಜೂನ್‌ನಲ್ಲಿ ನಸ್ಸಾಲಿಗೆ ಎರಡು ಪತ್ರ ಬಂದವು. ಒಂದು ವಿಶ್ವವಿದ್ಯಾಲಯದ್ದು: ಏಳು ವರ್ಷದ ಅವಧಿ ಆಗಸ್ಟ್ ಮೂವತ್ತಕ್ಕೆ ಮುಗಿಯುತ್ತದೆ, ಅಷ್ಟರೊಳಗೆ ಥೀಸಿಸ್ ಸಲ್ಲಿಸದಿದ್ದರೆ ನೋಂದಣಿ ರದ್ದು. ಇನ್ನೊಂದು ದೂರದ ಗುಲುವಿನ ಒಂದು ಹೊಸ ಕಾಲೇಜಿನದು: ಥೀಸಿಸ್ ಪಾಸಾದ ಪತ್ರ ತಂದರೆ ಅಧ್ಯಾಪಕಿಯ ಕೆಲಸ. ಎರಡನ್ನೂ ಹಿಡಿದುಕೊಂಡು ಪ್ರೊಫೆಸರರ ಬಳಿ ಹೋದಳು. ನವೆಂಬರ್‌ನಲ್ಲಿ ಕಂಪಾಲಾದಲ್ಲಿ ಒಂದು ಭಾರೀ ಪ್ರದರ್ಶನ ನಡೆಯುವುದಿತ್ತು, ಏಳು ದೇಶದ ಕಲಾವಿದರು, ಮುಖ್ಯಸ್ಥರು ಇವರೇ. ಅದರ ಕ್ಯಾಟಲಾಗು ಬರೆಯುತ್ತಿದ್ದವಳು ನಸ್ಸಾಲಿ.

“ನವೆಂಬರ್ ಆಗ್ಲಿ. ನಿನ್ನ ಥೀಸಿಸ್‌ಗೆ ಅದೇ ಕಳಶ. ಗಡುವಿಗೆ ಹೆದರ್ಬೇಡ, ಡೀನ್ ನನ್ನ ಶಿಷ್ಯ, ಮುಂದಕ್ಕೆ ಹಾಕಿಸ್ತೀನಿ.”

“ಗುಲು ಕೆಲಸ ಸೇಬೊ?”

“ಗುಲುಗೆ ಹೋಗಿ ಏನ್ ಮಾಡ್ತೀಯ? ಅಲ್ಲಿ ಒಂದು ಗ್ಯಾಲರಿ ಇದೆಯಾ?”

ಅವಳು ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಅಳಲಿಲ್ಲ. ನನ್ನ ಗೋಡೆಯ ಕ್ಯಾಲೆಂಡರನ್ನು ಬಹಳ ಹೊತ್ತು ನೋಡುತ್ತಿದ್ದಳು. ಎದ್ದು ಹೋಗುವಾಗ, “ನಂಗೆ ಉಸಿರು ಕಟ್ಟುತ್ತೆ ನಾಲೊಂಗೊ. ಈ ಕಟ್ಟಡದೊಳಗೆ ಬಂದ್ರೂ ಅಷ್ಟೇ, ಹೊರಗೆ ಹೋದ್ರೂ ಅಷ್ಟೇ” ಎಂದಳು.

ಜುಲೈನಲ್ಲಿ ಕೊಲೊಲೊದ ಗ್ಯಾಲರಿಯೊಂದರಲ್ಲಿ ಅಮೋಡಿಂಗಳ ಪ್ರದರ್ಶನವಿತ್ತು. ಬರ್ಲಿನ್‌ನಲ್ಲಿ ಮೂರು ವರ್ಷ ಇದ್ದು ಬಂದಿದ್ದಳು. ಪ್ರೊಫೆಸರ್ ಉದ್ಘಾಟಕರು, ಹಾಗಾಗಿ ಬಾಗಿಲಲ್ಲಿ ಅತಿಥಿಗಳ ಪುಸ್ತಕ ಇಟ್ಟುಕೊಂಡು ಕೂರಲು ನನ್ನನ್ನು ಕಳಿಸಿದ್ದರು. ಒಳಗೆ ಲುಬುಗೊದ ಒಂದು ಎಳೆಯೂ ಇರಲಿಲ್ಲ. ಕತ್ತಲೆ ಮಾಡಿದ ಕೋಣೆಯಲ್ಲಿ ಪರದೆಗಳು, ಪರದೆಗಳ ಮೇಲೆ ಯಾರೋ ಮೆಟ್ಟಿಲು ಗುಡಿಸುತ್ತಿರುವ ವಿಡಿಯೋ. ನಸ್ಸಾಲಿ ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡು ನನ್ನ ಮೇಜಿನ ಹತ್ತಿರ ಬಂದು ನಿಂತಿದ್ದಳು. ಅಮೋಡಿಂಗ್ ಹೊರಗೆ ಬಂದವಳು ಅವಳನ್ನು ಗುರುತು ಹಿಡಿದು ತಬ್ಬಿಕೊಂಡಳು.

“ಏನೇ, ಎಲ್ಲಿ ಮೇಷ್ಟ್ರಾಗಿದೀಯ ಈಗ?”

“ಇನ್ನೂ ಬರೀತಿದೀನಿ.”

“ಯಾವ್ದನ್ನ?”

“ಅದನ್ನೇ. ನಿನ್ನ ಜೋಳಿಗೆಗಳ ಅಧ್ಯಾಯಕ್ಕೆ ಈಗ ಈ ವಿಡಿಯೋನೂ ಸೇರಿಸ್ಬೇಕು.”

ಅಮೋಡಿಂಗ್ ಅವಳ ಕೈಯಿಂದ ಆ ಟಿಪ್ಪಣಿ ಪುಸ್ತಕ ತೆಗೆದುಕೊಂಡು ಮುಚ್ಚಿದಳು. “ಯಾಕೆ ಸೇರಿಸ್ಬೇಕು? ಆ ಜೋಳಿಗೆ ಮಾಡಿದೋಳು ಬೇರೆ. ಅವಳ ಕೆಲಸ ಎಂದೋ ಮುಗೀತು. ಕೊನೇ ಪ್ರದರ್ಶನ ಕೆಳಗಿಳಿಸಿದ ದಿನ ನೀನೂ ಇದ್ಯಲ್ಲ, ಗೋಡೆ ಮೊಳೆ ಕಿತ್ತಿದ್ದು ನೀನೇ. ನಾನು ಬಿಟ್ಟು ನಾಲ್ಕು ವರ್ಷ ಆಯ್ತು. ನನ್ನ ಹಿಂದೆ ನೀನ್ಯಾಕೆ ಓಡ್ತಿದೀಯ?”

“ಪ್ರೊಫೆಸರ್...”

“ಪ್ರೊಫೆಸರ್‌ಗೆ ನೀನು ಓಡ್ತಿದ್ರೇನೇ ಅನುಕೂಲ. ಅವರ ಭಾಷಣ ಬರ್ಲಿನ್‌ನಲ್ಲೂ ಕೇಳಿದೀನಿ. ಯಾರ ಮಾತು ಅಂತ ನಂಗೊತ್ತಾಗಲ್ವಾ?”

ನಸ್ಸಾಲಿ ನನ್ನ ಮುಖ ನೋಡಿದಳು. ನಾನು ಅತಿಥಿಗಳ ಪುಸ್ತಕದ ಹಾಳೆ ತಿರುವಿದೆ.

ಮುಂದಿನ ಮೂರು ವಾರ ಅವಳು ಕಚೇರಿಯ ಕಡೆ ಸುಳಿಯಲಿಲ್ಲ. ಆಗಸ್ಟ್ ಹನ್ನೆರಡರ ಬೆಳಿಗ್ಗೆ ಎಂಟಕ್ಕೆ ಬಂದಾಗ ತೋಳಿನಲ್ಲಿ ಹಾಳೆಗಳ ಒಂದು ಕಟ್ಟು ಇತ್ತು. ಮೊದಲ ಪುಟದಲ್ಲಿ ಹೀಗೆ ಬರೆದಿದ್ದಳು: ‘ಈ ಅಧ್ಯಯನ 2015ರ ಡಿಸೆಂಬರ್ ಹನ್ನೆರಡಕ್ಕೆ ನಿಲ್ಲುತ್ತದೆ. ಆ ನಂತರದ್ದನ್ನು ನಾನು ನೋಡಿದ್ದೇನೆ, ಇಲ್ಲಿ ಬರೆದಿಲ್ಲ.’ ಅಮೋಡಿಂಗಳ ಜೋಳಿಗೆಗಳ ಕೊನೆಯ ಪ್ರದರ್ಶನ ಗೋಡೆಯಿಂದ ಇಳಿದ ದಿನ ಅದು. ನಾನು ಹಾಳೆ ತಿರುವುತ್ತಾ ಹೋದೆ. ಅಲ್ಲಲ್ಲಿ ತಿದ್ದಿದ್ದಳು, ಮಾತು ಬಿಗಿ ಮಾಡಿದ್ದಳು. ಆದರೆ ಅದು ನಾಲ್ಕು ವರ್ಷದ ಹಿಂದೆ ಅವರ ಕೈಗಿಟ್ಟಿದ್ದ ಅದೇ ಕರಡು. ಆಮೇಲೆ ಬರೆದದ್ದೆಲ್ಲ ಹೋಗಿತ್ತು.

“ಸಲ್ಲಿಸೋ ಫಾರಂ ಕೊಡಿ. ಗೈಡ್ ಸಹಿ ಒಂದೇ ಬಾಕಿ.”

ಫಾರಂ ಕೊಟ್ಟೆ. ಕಟ್ಟು ಹಿಡಿದು ಒಳಗೆ ಹೋಗಿ ಪ್ರೊಫೆಸರರಿಗೆ ಹೇಳಿದೆ. ಮೊದಲ ಪುಟ ನೋಡಿದವರೇ ಅದನ್ನು ನನಗೆ ಹಿಂದಿರುಗಿಸಿ, “ನಾನಿಲ್ಲ ಅಂತ ಹೇಳು” ಎಂದರು.

ಹೇಳಿದೆ. ಅವಳು, “ಕಾಯ್ತೀನಿ” ಎಂದು ಬೆಂಚಿನ ಮೇಲೆ ಕೂತಳು. ಐದು ಗಂಟೆಯವರೆಗೆ ಕೂತಿದ್ದು ಎದ್ದು ಹೋದಳು. ಮರುದಿನ ಮತ್ತೆ ಎಂಟಕ್ಕೆ ಬಂದಳು. ಅವರಿಗೆ ಹಳೆಯ ಕೆಮ್ಮು, ಗೋಡೆಯಾಚೆಗೆ ಕೇಳುತ್ತಿತ್ತು. ಅವರು ಕೆಮ್ಮಿದಾಗಲೆಲ್ಲ ನಾನು ಅವಳತ್ತ ನೋಡುತ್ತಿರಲಿಲ್ಲ. ಅವರು ನನ್ನ ಮೇಜಿನ ಹಿಂದಿರುವ ಹಿಂಬಾಗಿಲಿನಿಂದ, ಶಿಲ್ಪಶಾಲೆಯ ಅಂಗಳ ದಾಟಿ ಓಡಾಡತೊಡಗಿದರು, ಅರವತ್ಮೂರರ ವಯಸ್ಸಿನಲ್ಲಿ ಪ್ಲಾಸ್ಟರ್ ಚೀಲಗಳ ನಡುವೆ ಕಾಲು ಎತ್ತಿಡುತ್ತಾ. ಅವಳು ಒಂದು ಮಾತೂ ಜೋರಾಗಿ ಆಡಲಿಲ್ಲ. ಫೋನೂ ತೆಗೆಯಲಿಲ್ಲ. ವಾರದ ಕೊನೆಯಲ್ಲಿ ಕ್ಯಾಂಟೀನಿನವಳು ಕೂಡ, “ಆ ಬೆಂಚಿನೋಳಿಗೆ ಒಂದು ಚಾಯ್” ಎಂದು ತಾನಾಗಿ ಕಳಿಸತೊಡಗಿದಳು.

ಒಂಬತ್ತನೆಯ ದಿನ ಅವಳು ಎಂದಿನಂತೆ ಮಂಡಿಯೂರಿ ನನ್ನ ಯೋಗಕ್ಷೇಮ ಕೇಳಿ, “ಪ್ರೊಫೆಸರ್ ಇದಾರಾ?” ಎಂದಳು. ಏಳು ವರ್ಷದ ಹಿಂದೆ ಬಂದ ಹುಡುಗಿಯ ಕಿವಿಯ ಪಕ್ಕ ನರೆಗೂದಲು ಕಂಡಿತು. ನನ್ನ ಬಾಯಿಗೆ ಆ ಮಾತು ಬರಲಿಲ್ಲ.

“ಒಳಗಿದಾರೆ. ಹೋಗು,” ಎಂದೆ.

ಅವಳು ಬಾಗಿಲು ತೆರೆದು ಹೊಸ್ತಿಲಲ್ಲೇ ಮಂಡಿಯೂರಿದಳು. ಫಾರಮ್ಮನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. “ರಾತ್ರಿ ಚೆನ್ನಾಗಿ ಕಳೀತಾ ಸೇಬೊ?”

“ಚೆನ್ನಾಗಿ ಕಳೀತು. ಏಳಮ್ಮ.”

“ಸಹಿ ಆಗ್ಲಿ, ಏಳ್ತೀನಿ.”

“ನಂಗೆ ಹತ್ತಕ್ಕೆ ಕ್ಲಾಸಿದೆ.”

ಅವಳು ಅಲ್ಲಾಡಲಿಲ್ಲ. ಅವರು ಎದ್ದು ಬಾಗಿಲವರೆಗೆ ಬಂದು ನಿಂತರು. ಮಂಡಿಯೂರಿ ವಂದಿಸುತ್ತಿರುವ ಹೆಣ್ಣನ್ನು ದಾಟಿ ಹೋಗುವ ಹಿರಿಯ ನಮ್ಮಲ್ಲಿಲ್ಲ. ಹಿಂಬಾಗಿಲ ಕಡೆ ಹೋಗಬೇಕಾದರೂ ಅವಳನ್ನೇ ದಾಟಬೇಕಿತ್ತು. ಅವರು ತಿರುಗಿ ಹೋಗಿ ಕುರ್ಚಿಯಲ್ಲಿ ಕೂತರು.

“ನಾಲ್ಕು ವರ್ಷದ ಕೆಲಸ ಎಲ್ಲಿ?”

“ತೆಗೆದುಹಾಕ್ದೆ.”

“ನೂರ ತೊಂಬತ್ತು ಪುಟ.”

“ನೂರ ಎಂಬತ್ತೇಳು.”

“ಎಲ್ಲಾ ಚೆನ್ನಾಗಿತ್ತು.”

“ಚೆನ್ನಾಗಿತ್ತು ಸೇಬೊ. ಮುಗೀತಿರಲಿಲ್ಲ ಅಷ್ಟೇ.”

ನಾನು ಟೈಪು ಮಾಡುವುದನ್ನು ನಿಲ್ಲಿಸಿದ್ದೆ. ಆಮೇಲೆ ಪ್ರೊಫೆಸರ್ ಬೇರೆಯೇ ದನಿಯಲ್ಲಿ ಕೇಳಿದರು, “ನೀನು ಹೋದ್ರೆ ನವೆಂಬರ್ ಕ್ಯಾಟಲಾಗ್ ಯಾರು ಬರೀತಾರೆ?”

“ನೀವು ಬರೀರಿ. ನಿಮ್ಮ ಪುಸ್ತಕ ಓದೇ ನಾನಿಲ್ಲಿಗೆ ಬಂದಿದ್ದು.”

“ಅದನ್ನ ಬರೆದೋನು ಎಲ್ಲಿ ಹೋದ್ನೋ ನಂಗೂ ಗೊತ್ತಿಲ್ಲ ಮಗಳೇ. ಹನ್ನೊಂದು ವರ್ಷ ಆಯ್ತು ನಾನು ಒಂದು ಪುಟ ಬರೆದು. ಕೂತ್ರೆ ಬರಲ್ಲ. ಕರೀತಾರೆ, ಇಲ್ಲ ಅನ್ನಕ್ಕಾಗಲ್ಲ. ಇಲ್ಲ ಅಂದ್ರೆ ಮತ್ತೆ ಕರೆಯಲ್ವೇನೋ ಅಂತ ಭಯ.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಿನ್ನ ಕರಡು ಓದಿದ ದಿನಾನೇ ಸಹಿ ಹಾಕ್ಬೇಕಿತ್ತು.”

“ಹೌದು ಸೇಬೊ,” ಎಂದಳು ನಸ್ಸಾಲಿ. ಅದಕ್ಕಿಂತ ಕಠಿಣವಾದ ಮಾತು ಅವಳ ಬಾಯಿಂದ ನಾನು ಕೇಳಿಲ್ಲ.

ಅವರು ಎದ್ದು ಬಂದು, ಅವಳ ಕೈಯಿಂದ ಫಾರಂ ತೆಗೆದುಕೊಂಡು ಬಾಗಿಲ ಚೌಕಟ್ಟಿಗೆ ಒತ್ತಿಹಿಡಿದು ಸಹಿ ಮಾಡಿದರು. ಅವಳಿಗೆ ಏಳಲಾಗಲಿಲ್ಲ, ಕಾಲು ಮರಗಟ್ಟಿತ್ತು. ಪ್ರೊಫೆಸರೇ ಕೈಹಿಡಿದು ಎಬ್ಬಿಸಿದರು. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, “ನಾನಿಲ್ಲ ಅಂತ ಹೇಳು ಅಂದಿದ್ದೆ” ಎಂದರು.

“ಹೇಳ್ದೆ ಸೇಬೊ. ಎಂಟು ದಿನ ಹೇಳ್ದೆ.”

ಒಂದು ತಿಂಗಳು ಅವರು ನನ್ನೊಡನೆ ಮಾತಾಡಲಿಲ್ಲ. ಕಾಗದಪತ್ರಗಳನ್ನು ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಅಕ್ಟೋಬರ್‌ನಲ್ಲಿ ಒಂದು ದಿನ ಆ ಕಾಗದಗಳಲ್ಲಿ ಅವರ ಕೈಬರಹದ ನಾಲ್ಕು ಪುಟಗಳಿದ್ದವು, ಕ್ಯಾಟಲಾಗಿನ ಮುನ್ನುಡಿ. ತುಂಬ ಹೊಡೆದುಹಾಕಿ ಬರೆದದ್ದು. ನಾನು ಟೈಪು ಮಾಡಿ ಕೊಟ್ಟಾಗ, “ಹೇಗಿದೆ?” ಎಂದರು. ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. “ಎರಡನೇ ಪುಟ ಚೆನ್ನಾಗಿದೆ ಸೇಬೊ” ಎಂದೆ. ಉಳಿದ ಮೂರರ ಬಗ್ಗೆ ಅವರು ಕೇಳಲಿಲ್ಲ. ಆ ವರ್ಷ ನನ್ನ ಕೆಲಸ ಮೂರು ವರ್ಷಕ್ಕಲ್ಲ, ಒಂದೇ ವರ್ಷಕ್ಕೆ ಮುಂದುವರಿಯಿತು.

ಜನವರಿಯಲ್ಲಿ ವೈವಾ ನಡೆಯಿತು. ಹೊರಗಿನ ಪರೀಕ್ಷಕಿ ನೈರೋಬಿಯಿಂದ ಬಂದವರು, ಬಹಳ ಓದಿಕೊಂಡ ಹೆಂಗಸು. ಥೀಸಿಸನ್ನು ಹೊಗಳಿದರು. ಆಮೇಲೆ, “ನವೆಂಬರ್ ಪ್ರದರ್ಶನದ ಬಗ್ಗೆ ಏನೂ ಇಲ್ಲವಲ್ಲ?” ಎಂದು ಕೇಳಿದರಂತೆ. ನಸ್ಸಾಲಿ, “ಅದು ನನ್ನ ದಿನಾಂಕದ ನಂತರದ್ದು ಮೇಡಂ” ಎಂದಳಂತೆ. ಪಾಸು ಮಾಡಿದರು, ಒಂದು ತಿದ್ದುಪಡಿಯೊಂದಿಗೆ: ಇಲ್ಲಿಯವರೆಗಿನ ಬೆಳವಣಿಗೆಗಳನ್ನು ಕುರಿತು ಒಂದು ಅನುಬಂಧ ಸೇರಿಸತಕ್ಕದ್ದು.

ಆ ಹಾಳೆಯನ್ನು ಅವಳಿಗೆ ಕೊಟ್ಟವಳು ನಾನೇ. ಓದಿದಳು. ಅವಳ ಭುಜ ಅಲುಗತೊಡಗಿತು, ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು. ನನಗೂ ನಗು ಬಂತು. ಇಬ್ಬರೂ ಮೇಜು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅದೇ ಮಧ್ಯಾಹ್ನ ನನ್ನ ಯಂತ್ರದಲ್ಲೇ ಹನ್ನೊಂದು ಸಾಲು ಟೈಪು ಮಾಡಿ ಅನುಬಂಧವೆಂದು ಕೊಟ್ಟಳು. ಒಪ್ಪಿಕೊಂಡರು. ಪ್ರೊಫೆಸರ್ ಆ ಹನ್ನೊಂದು ಸಾಲನ್ನು ಎರಡು ಸಲ ಓದಿದ್ದನ್ನು ನಾನು ಕಂಡೆ.

ಗುಲುವಿನವರು ಅಷ್ಟು ದಿನ ಕಾಯಲಿಲ್ಲ, ಸೆಪ್ಟೆಂಬರ್‌ನಲ್ಲೇ ಬೇರೆಯವರನ್ನು ತೆಗೆದುಕೊಂಡಿದ್ದರು. ವರ್ಷಕ್ಕಿಂತ ಹೆಚ್ಚು ಕಾಲ ಅವಳು ನತೇತೆಯಲ್ಲಿ ಅತ್ತೆಯ ಹೊಲಿಗೆ ಯಂತ್ರದ ಪಕ್ಕ ಗುಂಡಿ ಹಚ್ಚುತ್ತ ಕೂತಿದ್ದಳು, ಹೆಸರಿನ ಹಿಂದೆ ಡಾಕ್ಟರ್ ಇಟ್ಟುಕೊಂಡು. ಈಗ ಸೊರೋಟಿಯಲ್ಲಿ ಶಿಕ್ಷಕರ ತರಬೇತಿ ಕಾಲೇಜೊಂದರಲ್ಲಿದ್ದಾಳೆ. ಹೋದ ತಿಂಗಳು ಫೋನು ಮಾಡಿದ್ದಳು.

“ಹೇಗಿದೆಯೇ?” ಎಂದೆ.

“ಹುಡುಗರು ಒಳ್ಳೆಯವರು. ಬೆಳಿಗ್ಗೆ ಎದ್ದ ತಕ್ಷಣ ಈಗ್ಲೂ ಎದೆ ಹೊಡ್ಕೊಳುತ್ತೆ ನಾಲೊಂಗೊ, ಏನೋ ತಪ್ಪಿಸ್ಕೊಂಡೆ ಅಂತ. ಏನು ಅಂತ ಗೊತ್ತಿಲ್ಲ. ಹತ್ತು ನಿಮಿಷ ಕೂತ್ರೆ ಹೋಗುತ್ತೆ.”

ನಾನು ಆ ಎಂಟು ದಿನಗಳ ಬಗ್ಗೆ, ಅದಕ್ಕೂ ಹಿಂದಿನ ದಿನಗಳ ಬಗ್ಗೆ ಏನಾದರೂ ಹೇಳಬೇಕೆಂದಿದ್ದೆ. ಬಾಯಿ ತೆರೆದೆ. ಅವಳು ಮೊದಲೇ, “ನಂಗೊತ್ತಿತ್ತು ಬಿಡಿ. ಆ ಕೆಮ್ಮು ಯಾರಿಗೆ ಕೇಳ್ಸಲ್ಲ” ಎಂದಳು. ಆಮೇಲೆ ಬೇರೆ ಮಾತು ತೆಗೆದಳು. “ಇಲ್ಲಿ ಬಿಸಿಲು ಜಾಸ್ತಿ. ಮಾವಿನಹಣ್ಣು ರಾಶಿ. ನಿಮ್ಮ ಅವಳಿಗಳಿಗೆ ಬಸ್ಸಲ್ಲಿ ಒಂದು ಚೀಲ ಹಾಕಿಸ್ತೀನಿ.”

ಶನಿವಾರ ಚೀಲ ಬಂತು. ಅರ್ಧ ಹಣ್ಣು ದಾರಿಯಲ್ಲೇ ಒಡೆದು ಚೀಲವೆಲ್ಲ ಅಂಟಂಟಾಗಿತ್ತು. ಉಳಿದವನ್ನು ತೊಳೆದು ಮಕ್ಕಳಿಗೆ ಕೊಟ್ಟೆ.